ಡಬ್ಬಿ ಮಾಮನ ಕುದುರೆಗಳು ಕೆಸರಿಗಿಳಿದದ್ದು

ನನ್ನ ತಮ್ಮನ ಲೋಟವನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಅದು ಕಪಾಟಿನಲ್ಲಿ ಬೇರೆ ಲೋಟಗಳ ಜೊತೆ ಕೂರುವುದೂ ಇಲ್ಲ. ಕಿಟಕಿಯ ಕಟ್ಟೆಯ ಮೇಲೆ ಒಂದು ಬಟ್ಟೆ ಹಾಸಿಕೊಂಡು, ಇನ್ನೊಂದು ಬಟ್ಟೆ ಹೊದ್ದುಕೊಂಡು ಒಂಟಿಯಾಗಿ ಕೂತಿರುತ್ತದೆ. ಅವನ ಮೊಳೆಗಳು ಗಾತ್ರಕ್ಕೊಂದು ಡಬ್ಬಿಯಲ್ಲಿವೆ, ಗುಂಡಿಗಳು ಬಣ್ಣಕ್ಕೊಂದು ಡಬ್ಬಿಯಲ್ಲಿವೆ. ಖಾಲಿ ಡಬ್ಬಿಗಳನ್ನು ಇಡುವುದಕ್ಕೂ ಒಂದು ಡಬ್ಬಿಯಿದೆ. ಸವಾರಿ ಕಲಿಯಲು ಬರುವ ಮಕ್ಕಳು ಅವನಿಗೆ ಡಬ್ಬಿ ಮಾಮ ಎಂದು ಹೆಸರಿಟ್ಟಿದ್ದಾರೆ. ಅದು ಅವನ ಕಿವಿಗೂ ಬಿದ್ದಿದೆ. ತನ್ನನ್ನು ಹೊಗಳುತ್ತಿದ್ದಾರೆ ಎಂದೇ ಅವನು ತಿಳಿದಿದ್ದಾನೆ.

ಅವನು ಸವಾರಿ ಶಾಲೆಯ ಲಾಯ ನೋಡಿಕೊಳ್ಳುವವನು. ಲಾಯದ ಮೇಲಿನ ಎರಡು ಕೋಣೆಗಳಲ್ಲಿ ನಮ್ಮ ವಾಸ. ನನ್ನ ಯಜಮಾನರು ತೀರಿಕೊಂಡ ಮೇಲೆ ನಾನು ಇವನ ಹತ್ತಿರ ಬಂದೆ. ಕುದುರೆಗಳ ಹೊದಿಕೆ ಹರಿದರೆ ತೇಪೆ ಹಾಕುವುದು, ಪಟ್ಟಿ ಕಿತ್ತರೆ ಹೊಲಿಯುವುದು ನನ್ನ ಕೆಲಸ. ಅವನು ಮದುವೆಯಾಗಲಿಲ್ಲ. ಯಾಕೋ ಎಂದು ಕೇಳಿದರೆ, "ಇನ್ನೊಬ್ರು ಬಂದ್ರೆ ಅವರ ಟವಲ್ ಎಲ್ಲಿ ಹಾಕೋದಕ್ಕ?" ಎನ್ನುತ್ತಿದ್ದ. ನಾನು ಬಂದಾಗ ನನ್ನ ಟವಲ್ಲಿಗೆಂದು ಗೋಡೆಗೆ ಹೊಸದೊಂದು ಮೊಳೆ ಹೊಡೆದ. ಅವನ ಪ್ರೀತಿ ಅಷ್ಟು. ನನಗೆ ಅದು ಸಾಕಾಗಿತ್ತು.

ಲಾಯದ ಐದು ಕುದುರೆಗಳನ್ನೂ ಅವನು ಹಾಗೇ ಸಾಕಿದ್ದ. ಒಂದೊಂದಕ್ಕೂ ಒಂದೊಂದು ಕೋಣೆ, ಒಂದು ಬಕೆಟ್ಟು, ಒಂದು ಬ್ರಷ್ಷು. ನಡುವಿನ ಗೋಡೆಗಳು ಎಷ್ಟು ಎತ್ತರವೆಂದರೆ ಪಕ್ಕದಲ್ಲಿ ಯಾರಿದ್ದಾರೆ ಎಂದು ಕುದುರೆ ಶಬ್ದ ಕೇಳಿಯೇ ತಿಳಿದುಕೊಳ್ಳಬೇಕು. ನಡೆಸುವಾಗಲೂ ಒಂದನ್ನು ಕಟ್ಟಿ ಬಂದ ಮೇಲೆಯೇ ಇನ್ನೊಂದನ್ನು ಬಿಚ್ಚುತ್ತಿದ್ದ. "ಒಂದಕ್ಕೊಂದು ಒದ್ಕೊಂಡು ಕಾಲು ಮುರ್ಕೊಂಡ್ರೆ ನೀನು ಹೊಲಿದು ಕೊಡ್ತೀಯಾ?" ಎಂದು ನನ್ನನ್ನೇ ಕೇಳುತ್ತಿದ್ದ. ಅವುಗಳ ಮೈ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮುಖ ಮಾತ್ರ ಆಸ್ಪತ್ರೆಯಲ್ಲಿ ಸರದಿ ಕಾಯುವವರ ಮುಖದ ಹಾಗಿರುತ್ತಿತ್ತು.

ಅವುಗಳಲ್ಲಿ ಬೆಣ್ಣೆ ಎಂದರೆ ಅವನಿಗೆ ಜೀವ. ತೆಳು ಹಳದಿ ಬಣ್ಣದ ಹೆಣ್ಣು ಕುದುರೆ. ತಾಯಿ ಸತ್ತ ಮರಿಯಾಗಿ ಬಂದವಳು, ಇವನೇ ಬಾಟಲಿ ಹಾಲು ಕುಡಿಸಿ ಬೆಳೆಸಿದ. ತನ್ನ ಲೋಟದಿಂದ ಅವಳಿಗೆ ನೀರು ಕುಡಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಂಥ ಬೆಣ್ಣೆ ಆ ಚಳಿಗಾಲದಲ್ಲಿ ಬಾಗಿಲು ಕಡಿಯಲು ಶುರುಮಾಡಿದಳು. ಹಲ್ಲನ್ನು ಹಲಗೆಗೆ ಊರಿ ಗಾಳಿ ನುಂಗುವುದು, ತಲೆಯನ್ನು ಆ ಕಡೆ ಈ ಕಡೆ ತೂಗುವುದು, ಮತ್ತೆ ಕಡಿಯುವುದು. ಹುಲ್ಲು ಹಾಕಿದರೆ ಮೂಸಿ ಬಿಡುತ್ತಿದ್ದಳು, ಬಾಗಿಲನ್ನು ಮಾತ್ರ ಬಿಡುತ್ತಿರಲಿಲ್ಲ. ತಮ್ಮ ಕಹಿ ಎಣ್ಣೆ ಬಳಿದ, ನೆಕ್ಕಿ ಮುಗಿಸಿದಳು. ತಗಡು ಹೊಡೆದ, ತಗಡಿಲ್ಲದ ಕಡೆ ಹುಡುಕಿ ಕಡಿದಳು.

ಶಾಲೆಯ ಯಜಮಾನಿ ಬಂದು ಬಾಗಿಲು ನೋಡಿದರು.

"ನಾವು ಕುದುರೆ ಸಾಕ್ತಿದ್ದೀವೋ ಗೆದ್ದಲು ಸಾಕ್ತಿದ್ದೀವೋ?" ಎಂದರು. "ನೋಡಿ, ಇವಳ ಮೂಳೆ ಕಾಣ್ತಿದೆ. ಮಕ್ಕಳನ್ನ ಹತ್ತಿಸೋಕೆ ಆಗಲ್ಲ. ಮುಂದಿನ ಸಲ ನಾನು ಬರೋ ಹೊತ್ತಿಗೆ ಹೀಗೇ ಇದ್ರೆ ಬೇರೆ ಕಡೆ ಕಳಿಸಿಬಿಡ್ತೀನಿ. ಬೇಜಾರು ಮಾಡ್ಕೋಬೇಡಿ."

ತಮ್ಮ ಬೇಜಾರು ಮಾಡಿಕೊಳ್ಳಲಿಲ್ಲ. ಊಟ ಬಿಟ್ಟ. ಬಾಗಿಲಿಗೆ ಹೊಸ ಹಲಗೆ ಹೊಡೆದು, ಅದರ ಮುಂದೆ ಸ್ಟೂಲು ಹಾಕಿಕೊಂಡು ಕೂತ. ಒಳಗೆ ಅವಳು ತಲೆ ತೂಗುತ್ತಿದ್ದಳು, ಹೊರಗೆ ಇವನು ಕಾಲು ಅಲ್ಲಾಡಿಸುತ್ತಿದ್ದ.

ಈಗ ನನ್ನ ಮೈದುನನ ವಿಷಯ ಹೇಳಬೇಕು. ನನ್ನ ಯಜಮಾನರ ತಮ್ಮ, ಕುದುರೆಗಳಿಗೆ ಲಾಳ ಹೊಡೆಯುವವನು. ಹಲವು ವರ್ಷಗಳ ಹಿಂದೆ ಅವನು ಸುಸ್ತಾಗಿ ಬಂದು ಕಿಟಕಿಯ ಕಟ್ಟೆ ಮೇಲಿದ್ದ ಲೋಟದಲ್ಲಿ ಟೀ ಕುಡಿದುಬಿಟ್ಟಿದ್ದ. ಅಂದಿನಿಂದ ನನ್ನ ತಮ್ಮನಿಗೂ ಅವನಿಗೂ ಮಾತಿಲ್ಲ. ಆದರೆ ಲಾಳ ಹೊಡೆಸದೆ ಆಗುತ್ತದೆಯೇ? ಅವನು ಬಂದಾಗಲೆಲ್ಲ ನಾನು ಹೊಲಿಗೆ ಬಿಟ್ಟು ಇಳಿದು ಬಂದು ಇಬ್ಬರ ನಡುವೆ ನಿಲ್ಲಬೇಕು. ಒಂದೇ ಕುದುರೆಯ ಒಂದೇ ಕಾಲನ್ನು ಇಬ್ಬರೂ ಹಿಡಿದುಕೊಂಡು ನನ್ನ ಮೂಲಕ ಮಾತಾಡುತ್ತಾರೆ.

ಆ ಸಲ ಅವನು ಬೆಣ್ಣೆಯನ್ನು ನೋಡಿ, "ಅತ್ತಿಗೆ, ಅವರಿಗೆ ಹೇಳಿ. ಇವಳಿಗೆ ಬೇಕಾಗಿರೋದು ಹೊಸ ಬಾಗಿಲಲ್ಲ, ನೆಂಟರು" ಎಂದ.

"ಅಕ್ಕಾ, ಅವನಿಗೆ ಹೇಳು, ಲಾಳ ಹೊಡೆಯೋಕೆ ಕರೆದಿದ್ದು, ಮದ್ದು ಹೇಳೋಕಲ್ಲ."

"ಅತ್ತಿಗೆ, ಹಿಂದಿನ ಮೈದಾನ ಸುಮ್ನೆ ಬಿದ್ದಿದೆ. ಐದನ್ನೂ ಒಟ್ಟಿಗೆ ಬಿಟ್ಟು ನೋಡಲಿ. ಹಿಂಡಿನಲ್ಲಿ ಬಾಳೋ ಪ್ರಾಣಿನ ಪೆಟ್ಟಿಗೆಯಲ್ಲಿಟ್ರೆ ಇನ್ನೇನ್ ಮಾಡುತ್ತೆ? ಪೆಟ್ಟಿಗೆ ತಿನ್ನುತ್ತೆ."

"ಒದ್ದಾಡ್ಕೊಂಡು ಸಾಯ್ತವೆ ಅಂತ ಹೇಳಕ್ಕ."

"ಹಿಂಗಾಲಿನ ಲಾಳ ಕಿತ್ತು ಬಿಟ್ರೆ ಒದ್ರೂ ಅಷ್ಟು ಪೆಟ್ಟಾಗಲ್ಲ ಅಂತ ಹೇಳಿ ಅತ್ತಿಗೆ. ಹೋದ ಸಲ ನಾನೇ ಹೊಡೆದದ್ದು, ನಾನೇ ಕೀಳ್ತೀನಿ. ನನ್ನ ಹಣೆಬರಹ."

ನನಗೆ ಸಾಕಾಗಿತ್ತು. "ಇಬ್ರಿಗೂ ಕಿವಿ ಇದೆಯಲ್ಲ, ಕೇಳಿಸ್ತಲ್ಲ, ನಾನು ಹೋಗ್ತೀನಿ" ಎಂದು ಮೇಲೆ ಹತ್ತಿದೆ. ತಮ್ಮ ಹಿಂದೆಯೇ ಬಂದ. ಮೆಟ್ಟಿಲ ಮೇಲೆ ನಿಂತು, "ಅಕ್ಕಾ, ಅವಳನ್ನ ಕಳಿಸಿಬಿಟ್ರೆ ಅಲ್ಲಿ ಬಕೆಟ್ ತೊಳೀತಾರೋ ಇಲ್ವೋ" ಎಂದ. ಆಮೇಲೆ ಕೆಳಗಿಳಿದು ಹೋಗಿ, ಯಾರಿಗೂ ಹೇಳದೆ, ಮೊದಲನೆಯ ಕುದುರೆಯ ಹಿಂಗಾಲೆತ್ತಿ ಹಿಡಿದುಕೊಂಡು ನಿಂತ. ಮೈದುನ ಇಕ್ಕಳ ತೆಗೆದ.

ಕೆಲವು ದಿನ ಬೇಲಿಯ ಆಚೆಗೊಂದು ಈಚೆಗೊಂದು ಕಟ್ಟಿ ಮೂಸಿಸಿ ಅಭ್ಯಾಸ ಮಾಡಿಸಿದರು. ಅಲ್ಲಿಯವರೆಗೂ ಎಲ್ಲಾ ಸರಿಯಾಗಿತ್ತು. ಬಿಡುವ ದಿನ ಬೆಳಗ್ಗೆ ನನ್ನ ತಮ್ಮ ಒಂದು ಕೆಲಸ ಮಾಡಿದ. ನಾಲ್ಕು ಜನರ ಮುಂದೆ ಹೋಗುವಾಗ ಚೊಕ್ಕಟವಾಗಿರಬೇಕೆಂದು ಐದಕ್ಕೂ ಸೋಪು ಹಾಕಿ ಸ್ನಾನ ಮಾಡಿಸಿದ. ಒಂದೇ ಸೋಪು. ಬಾಲ ಹೆಣೆದು ಕಟ್ಟಿದ. ಮೈಗೆ ಒಂದೇ ಬಾಟಲಿಯ ಎಣ್ಣೆ ಸವರಿದ. ಕುದುರೆ ಕುದುರೆಯನ್ನು ಗುರುತಿಸುವುದೇ ಮೂಗಿನಿಂದ. ಗೇಟು ತೆಗೆದಾಗ ಐದೂ ಒಂದನ್ನೊಂದು ಮೂಸಿದವು, ಹಿಂದೆ ಸರಿದವು, ಮತ್ತೆ ಮೂಸಿದವು. ಬೇಲಿಯ ಮೇಲೆ ಇಷ್ಟು ದಿನ ಪರಿಚಯ ಮಾಡಿಕೊಂಡವರು ಎಲ್ಲಿ ಹೋದರು, ಈ ಸೋಪಿನ ಅಂಗಡಿಯವರು ಯಾರು ಎಂದು ತಬ್ಬಿಬ್ಬಾದವು. ಗುಬ್ಬಚ್ಚಿ ಎಂಬ ಗಿಡ್ಡ ಕುದುರೆ ಕಿರುಚಿಕೊಂಡಿತು. ಜೋಡಿ ಕಂದು ಕುದುರೆಗಳು ತಮ್ಮತಮ್ಮಲ್ಲೇ ಕಾಲೆತ್ತಿದವು. ಬೆಣ್ಣೆ ಮೂಲೆಗೆ ಹೋಗಿ ಬೇಲಿಯ ಕಂಬವನ್ನೇ ಕಡಿಯತೊಡಗಿದಳು.

"ನೋಡಿದ್ಯಾ ಅಕ್ಕಾ! ಹೇಳ್ಲಿಲ್ವಾ!" ಎಂದು ತಮ್ಮ ಕೈಗೆ ಸಿಕ್ಕ ಛತ್ರಿ ಹಿಡಿದು ಬೇಲಿ ಹತ್ತಿದ. ಜಗಳ ಬಿಡಿಸಲು ಹೊರಟವನ ಪ್ಯಾಂಟು ಮುಳ್ಳುತಂತಿಗೆ ಸಿಕ್ಕಿಕೊಂಡಿತು. ಆಚೆಗೂ ಇಲ್ಲ ಈಚೆಗೂ ಇಲ್ಲ ಎನ್ನುವ ಹಾಗೆ ಮೇಲೆಯೇ ಕೂತ.

ಆಗ ಅಜ್ಜ ಮುಂದೆ ಬಂತು. ಅಜ್ಜ ಎಂದರೆ ಲಾಯದ ಹಳೆಯ ಬೂದು ಕುದುರೆ, ಅದಕ್ಕೆ ಯಾವುದರಲ್ಲೂ ಗಾಬರಿಯಿಲ್ಲ. ನೀರಿನ ತೊಟ್ಟಿ ಸೋರಿ ಕೆಸರಾಗಿದ್ದ ಜಾಗಕ್ಕೆ ನಿಧಾನವಾಗಿ ನಡೆದು ಹೋಗಿ, ಮಂಡಿಯೂರಿ, ಹಾಯಾಗಿ ಹೊರಳಾಡಿತು. ಒಂದು ಮಗ್ಗುಲು, ಆಮೇಲೆ ಇನ್ನೊಂದು ಮಗ್ಗುಲು.

"ಅಯ್ಯಯ್ಯೋ, ಎಣ್ಣೆ!" ಎಂದ ತಮ್ಮ, ಮೇಲಿನಿಂದ.

ಅಜ್ಜ ಎದ್ದಾಗ ಅದರ ಮೈಯಿಂದ ಸೋಪಿನ ವಾಸನೆ ಹೋಗಿತ್ತು. ಗುಬ್ಬಚ್ಚಿ ಹೋಗಿ ಮೂಸಿತು, ಗುರುತು ಸಿಕ್ಕಿತೋ ಏನೋ, ಅಲ್ಲೇ ಬಿದ್ದು ಹೊರಳಿತು. ಕಂದು ಕುದುರೆಗಳೂ ಇಳಿದವು. ಬೆಣ್ಣೆ ಕಂಬ ಬಿಟ್ಟು ನೋಡುತ್ತಾ ನಿಂತಿದ್ದಳು. ಒಂದು ಹೆಜ್ಜೆ ಇಟ್ಟಳು, ನಿಂತಳು, ಇನ್ನೊಂದು ಇಟ್ಟಳು. ಕೊನೆಗೆ ಅವಳೂ ಧೊಪ್ಪನೆ ಕೆಸರಿಗೆ ಬಿದ್ದು ನಾಲ್ಕು ಕಾಲನ್ನೂ ಆಕಾಶಕ್ಕೆತ್ತಿದಳು. ಹುಟ್ಟಿದಂದಿನಿಂದ ಅವಳು ಹಾಗೆ ಕಾಲೆತ್ತಿದ್ದನ್ನು ನಾವು ಕಂಡಿರಲಿಲ್ಲ. ಎಲ್ಲಾ ಎದ್ದು ಮೈ ಕೊಡವಿಕೊಂಡಾಗ ಐದೂ ಒಂದೇ ಬಣ್ಣ.

"ನನ್ನ ಬೆಣ್ಣೆ ಯಾವುದಕ್ಕ ಇದರಲ್ಲಿ?" ಎಂದು ತಮ್ಮ ಕೇಳಿದ. ಅವನು ಇನ್ನೂ ಬೇಲಿಯ ಮೇಲೆಯೇ ಇದ್ದ.

ಆಮೇಲೆ ಓಟ ಶುರುವಾಯಿತು. ಗುಬ್ಬಚ್ಚಿ ಬೆಣ್ಣೆಯ ಪೃಷ್ಠಕ್ಕೆ ಬಾಯಿ ಹಾಕಿ ಓಡುವುದು, ಅವಳು ಅಟ್ಟಿಸಿಕೊಂಡು ಹೋಗುವುದು, ಇಬ್ಬರೂ ಮುಂಗಾಲೆತ್ತಿ ಕುತ್ತಿಗೆಗೆ ಕುತ್ತಿಗೆ ತಾಗಿಸುವುದು.

"ಕಚ್ತಾ ಇದೆ! ಅಕ್ಕಾ, ಕಚ್ತಾ ಇದೆ!"

"ಅತ್ತಿಗೆ, ಅವರಿಗೆ ಹೇಳಿ, ಕಿವಿ ನೋಡಲಿ. ಕೋಪ ಬಂದಿದ್ರೆ ಕಿವಿ ಹಿಂದಕ್ಕೆ ಅಂಟ್ಕೊಂಡಿರುತ್ತೆ. ಇದು ಆಟ" ಎಂದ ನನ್ನ ಪಕ್ಕದಲ್ಲಿ ನಿಂತಿದ್ದ ಮೈದುನ.

ತಮ್ಮ ಕಿವಿ ನೋಡಿದ. ಬಹಳ ಹೊತ್ತು ನೋಡಿದ. ಆ ಸಂಜೆ ಬೆಣ್ಣೆ ಕೋಣೆಗೆ ಬಂದವಳು ಹುಲ್ಲಿನ ಬುಟ್ಟಿ ಖಾಲಿ ಮಾಡಿ ಮಲಗಿಬಿಟ್ಟಳು. ಇವನು ಬಾಗಿಲ ಹತ್ತಿರ ಕಿವಿಯಿಟ್ಟು ಕೇಳಿದ, ಕಡಿಯುವ ಶಬ್ದವಿಲ್ಲ. ಅದಕ್ಕೂ ಗಾಬರಿಯಾಗಿ ಬಾಗಿಲು ತೆಗೆದು ಉಸಿರಾಡುತ್ತಿದ್ದಾಳಾ ಎಂದು ನೋಡಿ ಬಂದ.

ದಿನಾ ಬಿಡತೊಡಗಿದ. ಮಕ್ಕಳ ಪಾಠ ಮುಗಿದ ಕೂಡಲೇ ಐದೂ ಗೇಟಿನ ಹತ್ತಿರ ಕಾಯುತ್ತಿದ್ದವು. ತಮ್ಮ ಸ್ಟೂಲನ್ನು ಬೆಣ್ಣೆಯ ಬಾಗಿಲಿನಿಂದ ಬೇಲಿಯ ಬಳಿಗೆ ತಂದ. ಯಾವುದು ಯಾವುದರ ಜೊತೆ ನಿಲ್ಲುತ್ತದೆ, ಯಾರು ಯಾರ ಹೆಗಲು ಕೆರೆಯುತ್ತಾರೆ, ನೀರಿಗೆ ಮೊದಲು ಯಾರು ಎಂದು ಮದುವೆಮನೆಯ ಹೆಂಗಸರ ಹಾಗೆ ನನಗೆ ವರದಿ ಒಪ್ಪಿಸುತ್ತಿದ್ದ. ಬೆಣ್ಣೆಯ ಜೊತೆಗಾರ ಯಾರೆಂದು ತಿಳಿದಾಗ ಅವನಿಗೆ ಸ್ವಲ್ಪ ನೋವಾಯಿತು. ಅದು ಗುಬ್ಬಚ್ಚಿ. "ಅವಳ ಎತ್ತರವೇನು, ಅವನ ಎತ್ತರವೇನು" ಎಂದು ಎರಡು ದಿನ ಗೊಣಗಿದ.

ಯಜಮಾನಿ ಹೇಳದೆ ಕೇಳದೆ ಬಂದರು. ಮೈದುನ ಲಾಳದ ಕೆಲಸಕ್ಕೆ ಬಂದಿದ್ದ, ನಾನು ಎಂದಿನಂತೆ ನಡುವೆ ನಿಂತಿದ್ದೆ.

"ಎಲ್ಲಿ ನಿಮ್ಮ ಬೆಣ್ಣೆ?"

ತಮ್ಮ ಮೈದಾನದ ಕಡೆ ನೋಡಿದ. ಹಿಂದಿನ ರಾತ್ರಿ ಮಳೆ ಬಂದಿತ್ತು. ಮೈದಾನದಲ್ಲಿ ಐದು ಕೆಸರಿನ ಮುದ್ದೆಗಳು. "ಈಗ್ಲೇ ಹಿಡಿದು ತರ್ತೀನಿ ಮೇಡಂ" ಎಂದು ಹಗ್ಗ ಹಿಡಿದು ಒಳಗೆ ಹೋದ. ಬೆಣ್ಣೆ ಅವನನ್ನು ನೋಡಿ, ಹಗ್ಗ ನೋಡಿ, ಬಾಲವೆತ್ತಿ ಓಡಿದಳು. ಅವಳ ಹಿಂದೆ ಗುಬ್ಬಚ್ಚಿ, ಅದರ ಹಿಂದೆ ಕಂದು ಜೋಡಿ, ಎಲ್ಲರ ಹಿಂದೆ ನನ್ನ ತಮ್ಮ. ಒಂದು ಸುತ್ತು ಮುಗಿಯುವ ಹೊತ್ತಿಗೆ ಯಾರು ಯಾರನ್ನು ಅಟ್ಟುತ್ತಿದ್ದಾರೆ ಎಂದು ಹೇಳುವುದು ಕಷ್ಟವಾಯಿತು, ಏಕೆಂದರೆ ಗುಬ್ಬಚ್ಚಿ ಈಗ ಅವನ ಹಿಂದಿತ್ತು. ಅಜ್ಜ ಮಾತ್ರ ನಿಂತಲ್ಲೇ ನಿಂತು ಮೇಯುತ್ತಿತ್ತು.

ಕೊನೆಗೆ ಅವನು ಜಾರಿ ಕೆಸರಿನಲ್ಲಿ ಕೂತುಬಿಟ್ಟ. ಏಳಲಿಲ್ಲ. ಹಗ್ಗವನ್ನು ಪಕ್ಕಕ್ಕೆಸೆದು, "ಹೋಗಮ್ಮ, ಹೋಗು. ನಿನ್ನಿಷ್ಟ" ಎಂದು ತಲೆ ತಗ್ಗಿಸಿದ. ಅವಳು ಹೋದಳೆಂದೇ ಅವನು ಲೆಕ್ಕ ಹಾಕಿಬಿಟ್ಟಿದ್ದ. ನಮಗೆ ಅವನ ಬೆನ್ನು ನೋಡಿಯೇ ಗೊತ್ತಾಯಿತು.

ಓಟ ನಿಂತಿತು. ಅಟ್ಟುವವನೇ ಇಲ್ಲದಿದ್ದರೆ ಆಟವೆಲ್ಲಿ? ಬೆಣ್ಣೆ ತಿರುಗಿ ಬಂದಳು. ಇವನ ತಲೆ ಮೂಸಿದಳು, ಕಾಲರ್ ಮೂಸಿದಳು. ಆಮೇಲೆ ಗುಬ್ಬಚ್ಚಿಗೆ ಮಾಡುವ ಹಾಗೆಯೇ ಇವನ ಹೆಗಲ ಮೇಲೆ ಹಲ್ಲೂರಿ ಮೆಲ್ಲಗೆ ಕೆರೆಯತೊಡಗಿದಳು. ಒಗೆದು ಇಸ್ತ್ರಿ ಮಾಡಿದ ಕೋಟು ಚರ್ರೆಂದು ಹರಿಯಿತು. ಇವನು ಅಲುಗಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕೈಯೆತ್ತಿ ಅವಳ ಹೆಗಲನ್ನು ಕೆರೆದ. ಅಲ್ಲಿನ ಪದ್ಧತಿ ಹಾಗೆ, ನೋಡಿ ನೋಡಿ ಕಲಿತಿದ್ದ. ಇನ್ನೊಂದು ಕೈಯಿಂದ ಹಗ್ಗ ಎತ್ತಿಕೊಂಡ. ಅವಳು ತಾನಾಗಿ ತಲೆ ಬಗ್ಗಿಸಿದಳು.

ಯಜಮಾನಿ ಅವರಿಬ್ಬರನ್ನೂ ನೋಡಿದರು, ಲಾಯದೊಳಗೆ ಹೋದರು. ಬೆಣ್ಣೆಯ ಬಾಗಿಲಿನ ಹೊಸ ಹಲಗೆಯ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಬೆರಳಾಡಿಸಿದರು. ಒಂದು ಹಲ್ಲಿನ ಗುರುತೂ ಇರಲಿಲ್ಲ.

"ಇವಳು ಇಲ್ಲೇ ಇರಲಿ" ಎಂದು ಬೇಲಿಯ ಹತ್ತಿರ ಬಂದು ಕೂಗಿ ಹೇಳಿದರು. "ಆದ್ರೆ ಪಾಠಕ್ಕೆ ಮುಂಚೆ ಒಂದ್ಸಲ ತೊಳೀರಪ್ಪ. ಇಬ್ಬರನ್ನೂ."

ಮೈದುನ ಬೇಲಿ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದ. ತಮ್ಮ ಏಳಲು ನೋಡಿದ, ಜಾರಿದ, ಮತ್ತೆ ನೋಡಿದ, ಮತ್ತೆ ಜಾರಿದ.

"ಲೋ! ಹಲ್ಲು ಕಿರೀತಾ ನಿಂತ್ಕೋಬೇಡ, ಬಂದು ಕೈ ಕೊಡೋ!"

ಅಷ್ಟು ವರ್ಷಗಳ ಮೇಲೆ ನೇರವಾಗಿ ಬಂದ ಮಾತು ಅದು. ಮೈದುನ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದ.

"ಅತ್ತಿಗೆ, ಅವರು ಏನೋ ಅಂದ್ರಲ್ಲ, ಏನಂತೆ?"

ನಾನು ಬೇಲಿಯ ಕಡೆ ಕೈ ತೋರಿಸಿದೆ. ಅವನು ಬೇಲಿ ಹಾರಿ ಹೋಗಿ ಕೈ ಕೊಟ್ಟ.

ಕೋಟನ್ನು ನಾನು ಹೊಲಿದು ಕೊಟ್ಟಿದ್ದೇನೆ. ಬೆಣ್ಣೆ ಮತ್ತೆ ಹರಿದಿದ್ದಾಳೆ. ಈಗ ಬೇಸಿಗೆ, ಕುದುರೆಗಳು ರಾತ್ರಿಯೂ ಹೊರಗೇ ಇರುತ್ತವೆ. ತಮ್ಮ ಮಾತ್ರ ಸಂಜೆಯಾದರೆ ಸಾಲಾಗಿ ಹೋಗಿ ಒಳಗೆ ಯಾರೂ ಇಲ್ಲದ ಐದು ಬಾಗಿಲುಗಳಿಗೂ ಚಿಲಕ ಹಾಕಿ, ಎಳೆದು ನೋಡಿ, ಆಮೇಲೆ ಮೇಲೆ ಬಂದು ಕೈ ತೊಳೆಯುತ್ತಾನೆ.