ಸೈತಾನನಿಗೆ ಕ್ವಿರಿನನ ಮೂಗು

ಚಿತ್ರಗಾರ ಕೊರ್ಬಿನಿಯನ್ ಬರೆದ ಸಂತರಲ್ಲಿ ಒಬ್ಬರಿಗೂ ನೆಟ್ಟಗೆ ನಿಲ್ಲಲು ಬರುತ್ತಿರಲಿಲ್ಲ. ಮೋಡದ ಮೇಲೆ ಕೂತವರೂ ಈಗಷ್ಟೇ ಯಾರೋ ನೂಕಿದಂತೆ ತೊನೆಯುತ್ತಿದ್ದರು. ಬವೇರಿಯದ ನಮ್ಮ ಗುಡ್ಡಗಾಡಿನಲ್ಲಿ ಇಗರ್ಜಿಯ ಚಾವಣಿಗೂ ಬಲಿಪೀಠಕ್ಕೂ ಅವನೇ ಬೇಕೆನ್ನುತ್ತಿದ್ದುದು ಅದಕ್ಕೇ. ಮನುಷ್ಯರ ಮೇಲೆ ಮಾತ್ರ ಅವನಿಗೆ ನಂಬಿಕೆಯಿರಲಿಲ್ಲ. ಕಡುಬು ಚಿಕ್ಕದಾದರೆ ಹೆಂಡತಿಯ ಮೇಲೆ, ಬಿಯರಿನ ನೊರೆ ಹೆಚ್ಚಾದರೆ ಮಠದ ಮೇಲೆ ಗುಮಾನಿ.

ಆ ಬೇಸಿಗೆ ನಮ್ಮೂರ ಇಗರ್ಜಿಯ ಚಾವಣಿ ಬರೆಯುವಾಗ ಗುಮಾನಿ ಕ್ವಿರಿನನತ್ತ ತಿರುಗಿತು. ಕ್ವಿರಿನ್ ಅವನ ಗಾರೆಯವನು, ಹಳೆಯ ಗೆಳೆಯ. ದಿನಾ ಬೆಳಿಗ್ಗೆ ಆ ದಿನಕ್ಕೆ ಬೇಕಾದಷ್ಟೇ ಗಾರೆ ಬಳಿಯುತ್ತಿದ್ದ. ಅದು ಹಸಿಯಿರುವಾಗಲೇ ಚಿತ್ರ ಮುಗಿಯಬೇಕು. ಒಣಗಿದರೆ ಬಣ್ಣ ಹಿಡಿಯದು, ಹಿಡಿದದ್ದು ಅಳಿಯದು. ನರಕದ ಭಾಗಕ್ಕೆ ಬಂದ ಮೇಲೆ ಗಾರೆ ಮಧ್ಯಾಹ್ನಕ್ಕೇ ಒಣಗತೊಡಗಿತು. ಚಾವಣಿ ಕೆಟ್ಟರೆ ಮುಂದಿನ ಇಗರ್ಜಿ ಪೇಟೆಯ ಚಿತ್ರಗಾರನ ಪಾಲು.

“ಸುಣ್ಣಕ್ಕೆ ಏನು ಬೆರೆಸಿದೀಯೋ?”

“ಮರಳು. ಇನ್ನೇನು, ನಿನ್ನ ಹಾಗೆ ಹುಳಿ ಬೆರೆಸ್ಲಾ?”

“ಆ ಪೇಟೆಯವ್ನು ಎಷ್ಟು ಬಿಯರ್ ಕುಡಿಸಿದ?”

“ಕುಡಿಸಿದ್ರೆ ನಿಂಗೂ ಒಂದು ಲೋಟ ತರ್ತಿದ್ದೆ, ಮಾರಾಯ.”

ಇಷ್ಟು ನಿರಾಳವಾಗಿ ಮಾತಾಡುವವನು ಕಳ್ಳನೇ ಎಂದು ಕೊರ್ಬಿನಿಯನ್ ತೀರ್ಮಾನಿಸಿದ. ಅಂದು ಸೈತಾನನ ಮುಖ ಬರೆಯುವುದಿತ್ತು. ಕ್ವಿರಿನನ ಮೂಲಂಗಿ ಮೂಗನ್ನೇ ಅದಕ್ಕೆ ಅಂಟಿಸಿದ.

ಆಮೇಲೆ ಕಳ್ಳನನ್ನು ಹಿಡಿಯಲು, ನಿಂತು ಚಿತ್ರ ಬರೆಯುವ ಅಟ್ಟಣಿಗೆಯ ಮೇಲೆ ಬೋರಲು ಮಲಗಿ ಕಾದ. ಬಾಗಿಲು ಕಿರ್ರೆಂದಿತು. ಬಂದವಳು ಗಿರಣಿಯ ವಾಲ್ಬುರ್ಗಾ. ಕತ್ತೆತ್ತಿ ನರಕದ ಮುಖಗಳನ್ನೆಲ್ಲ ಹುಡುಕಿ, “ಸದ್ಯ, ನಾನಿಲ್ಲ” ಎಂದುಕೊಂಡು ಬಾಗಿಲು ಹಾರುಹೊಡೆದು ಹೋದಳು. ಹಿಂದೆಯೇ ಕಮ್ಮಾರ. ಅವನ ಹಿಂದೆ ನಮ್ಮ ಪೂರ್ವಿಕನೊಬ್ಬ; ನಮ್ಮ ಮನೆತನಕ್ಕೆ ಆ ಭಯ ನ್ಯಾಯವೇ. ಕೊನೆಗೆ ಪಾದ್ರಿಗಳೂ ಬಂದು ನೋಡಿಕೊಂಡು ಹೋದರು. ತಮ್ಮನ್ನು ನರಕಕ್ಕೆ ಹಾಕಿದ್ದಾನೆಂಬ ಗುಮಾನಿ ಊರಿಗೆಲ್ಲ! ತೆರೆದ ಬಾಗಿಲಿಂದ ಬೆಟ್ಟದ ಬಿಸಿಗಾಳಿ ನುಗ್ಗಿ ನೇರ ಹಸಿ ಗಾರೆಗೆ ಬಡಿಯುತ್ತಿತ್ತು. ಗಾರೆ ಒಣಗಿಸುತ್ತಿದ್ದ ಕಳ್ಳ ಅದೇ.

ಕೊರ್ಬಿನಿಯನ್ ಗಾಬರಿಯಾಗಿ ಸೈತಾನನ ಮೂಗು ಮುಟ್ಟಿದ. ಕಲ್ಲಾಗಿತ್ತು. ಕೆತ್ತಿ ತೆಗೆದರೆ ಮತ್ತೆ ಗಾರೆ ಬಳಿಯಬೇಕು, ಬಳಿಯುವವನು ಕ್ವಿರಿನನೇ. ಕರೆದು ತೋರಿಸದೆ ವಿಧಿಯಿರಲಿಲ್ಲ.

ಕ್ವಿರಿನ್ ಬಹಳ ಹೊತ್ತು ನೋಡಿದ. ತನ್ನ ಮೂಗನ್ನು ಸವರಿಕೊಂಡ.

“ತಪ್ಪಾಯ್ತು ಕಣೋ. ಕೆತ್ತಿಬಿಡು” ಎಂದ ಕೊರ್ಬಿನಿಯನ್.

“ನಾನು ಬಳಿದ ಗಾರೆ ನಾನು ಕೆಡವಲ್ಲ. ಮೂಗೇನೋ ಚೆನ್ನಾಗೇ ಬಂದಿದೆ.” ಕ್ವಿರಿನ್ ಕರಣೆ ತೆಗೆದುಕೊಂಡು ಸೈತಾನನ ಪಕ್ಕದ ಖಾಲಿ ಜಾಗಕ್ಕೆ ಗಾರೆ ಬಳಿಯತೊಡಗಿದ. “ಇವನ ಕಿವೀಲಿ ಚಾಡಿ ಹೇಳೋನೊಬ್ಬ ಬೇಕಲ್ಲ. ಹೋಗು, ಕನ್ನಡಿ ತಗೊಂಬಾ. ಬರ್ತಾ ಬಾಗಿಲು ಹಾಕು.”