ದೊಡ್ಡವ್ವನಿಗಾಗಿ ಒಂದು ಯೂ-ಟರ್ನ್

ಚಹಾದ ಲೋಟ ತುಟಿಯ ಹತ್ತಿರ ಹೋಗಿ ಅಲ್ಲೇ ನಿಂತಿತು. ದೊಡ್ಡವ್ವನ ಎಡಗೈ ಕೊರಳನ್ನು ತಡವಿ, ಸೆರಗಿನೊಳಗೆ ಹುಡುಕಿ, ಬರಿಗೈಯಾಗಿ ಕೆಳಗಿಳಿಯಿತು.

"ಕರಡಿಗಿ ಇಲ್ಲಲೋ..."

ನಾನು ಬಗ್ಗಿ ಮೇಜಿನಡಿ ನೋಡಿದೆ.

ಕರಡಿಗೆ ಎಂದರೆ ಇಷ್ಟಲಿಂಗವಿರುವ ಬೆಳ್ಳಿ ಡಬ್ಬಿ. ದೀಕ್ಷೆಯಾದ ದಿನದಿಂದ ಅದು ದೊಡ್ಡವ್ವನ ಮೈಬಿಟ್ಟು ಇಳಿದದ್ದಿಲ್ಲ. ಅದು ಮೈಮೇಲಿಲ್ಲದಿದ್ದರೆ ಅನ್ನ ಹೋಗಲಿ, ಗುಟುಕು ನೀರೂ ಇಲ್ಲ. ಆಕೆಗೆ ಸಕ್ಕರೆ ಕಾಯಿಲೆ ಬೇರೆ. ನಾವಿದ್ದದ್ದು ನಮ್ಮ ಕಂಪ್ಲಿಯಲ್ಲಿ ಅಲ್ಲ, ಶ್ರೀಲಂಕಾದ ಗುಡ್ಡದ ಮೇಲಿನ ಚಹಾ ಫ್ಯಾಕ್ಟರಿಯಲ್ಲಿ!

ದೊಡ್ಡವ್ವ ನಮ್ಮವ್ವನ ಅಕ್ಕ, ಕಂಪ್ಲಿಯ ರೈಸ್ ಮಿಲ್ ಮನೆಯವಳು. "ಸಮುದ್ರದಾಚಿ ಏನೈತಿ, ಒಮ್ಮಿ ನೋಡೂಣು ನಡಿಯಲೇ" ಎಂದು ಗಂಟುಬಿದ್ದಿದ್ದಳು. ಹೊಸಪೇಟೆಯಿಂದ ನಾವಿಬ್ಬರೇ ಹೊರಟೆವು. ಶ್ರೀಲಂಕಾದಲ್ಲಿ ನಮಗೆ ಸಿಕ್ಕವನು ನಿಮಲ್. ಡ್ರೈವರೂ ಅವನೇ, ಗೈಡೂ ಅವನೇ. ಕಾರೂ ಅವನದೇ.

ಎಂಥ ದೇಶ ತೋರಿಸಿದ ಮಾರಾಯ! ನಮ್ಮ ಸಂಡೂರಿನ ಗುಡ್ಡ ಮಳೆಗಾಲದಲ್ಲಿ ಹಸಿರುಟ್ಟು ಬೇಸಿಗೆಗೆ ಬಿಚ್ಚಿಡುತ್ತದೆ. ಇಲ್ಲಿನ ಗುಡ್ಡಗಳು ಬಿಚ್ಚುವುದೇ ಇಲ್ಲವಂತೆ. ಚಹಾ ತೋಟದ ಸಾಲು ಕಂಡು ದೊಡ್ಡವ್ವ, "ಯಪ್ಪಾ, ಗುಡ್ಡಕ್ಕ ಹಣಿಗಿ ಹಾಕಿ ಬೈತಲಿ ತಗದಾರಲ್ಲೋ ತಮ್ಮಾ!" ಎಂದು ನಿಮಲ್‌ಗೇ ಹೇಳಿದ್ದಳು. ಅವನು ಸಿಂಹಳದಲ್ಲಿ ಏನೋ ಅಂದ. ಇಬ್ಬರೂ ನಕ್ಕರು. (ನಡುವೆ ಅನುವಾದಕನಾಗಿ ಕುಳಿತಿದ್ದ ನನ್ನನ್ನು ಯಾರೂ ಕೇಳಲೇ ಇಲ್ಲ.)

ತಪ್ಪು ನನ್ನದೇ. ಬೆಳಿಗ್ಗೆ ಕ್ಯಾಂಡಿಯ ಹೋಟೆಲಿನಲ್ಲಿ ಪೂಜೆ ಮುಗಿಸಿದ ದೊಡ್ಡವ್ವ, ಬೆವರಿಗೆ ಸಡಿಲಾಗಿದ್ದ ಕೊರಳ ಶಿವದಾರವನ್ನು ಬಿಗಿ ಮಾಡಲೆಂದು ಕರಡಿಗೆಯನ್ನು ಮಂಚದ ಪಕ್ಕ ಇಟ್ಟಿದ್ದಳು. "ಜಲ್ದಿ ದೊಡ್ಡವ್ವಾ, ಕಾರು ಬಂತು, ನಾಷ್ಟಾ ದಾರ್ಯಾಗ ಮಾಡೂಣು" ಎಂದು ಬಾಗಿಲು ಬಡಿದವನು ನಾನು.

ನಿಮಲ್‌ಗೆ ಇದನ್ನು ಹೇಗೆ ವಿವರಿಸುವುದು? "ಸ್ಮಾಲ್ ಗಾಡ್. ಸಿಲ್ವರ್ ಬಾಕ್ಸ್. ವೆರಿ ಪರ್ಸನಲ್" ಎಂದೆ. ಅವನು ನಗಲಿಲ್ಲ. ಹೋಟೆಲಿಗೆ ಫೋನು ಹಚ್ಚಿದ. ರೂಮು ಗುಡಿಸಿಯಾಗಿದೆ, ಲಾಸ್ಟ್ ಅಂಡ್ ಫೌಂಡ್ ಡಬ್ಬಿಯಲ್ಲಿ ಅಂಥದ್ದೇನೂ ಇಲ್ಲ ಎಂಬ ಉತ್ತರ ಬಂತು.

"ಊರಿಗೆ ಹೋದ ಮ್ಯಾಲೆ ಸ್ವಾಮಿಗಳ ಹತ್ರ ಹೊಸಾದು ಕಟ್ಟಿಸ್ಕೊಂಡ್ರಾತು, ದೊಡ್ಡವ್ವಾ. ಈಗ ಒಂದೀಟು ಚಾ ಕುಡಿ."

"ಹೊಸಾದಾ? ನಿಮ್ಮವ್ವ ಸತ್ತಾಗ ಹೊಸಾ ಅವ್ವನ್ನ ತಂದಿಯೇನಲೇ?"

ಅಷ್ಟರಲ್ಲಿ ನಿಮಲ್ ಕಾರನ್ನು ಕ್ಯಾಂಡಿ ಕಡೆಗೆ ತಿರುಗಿಸಿ ನಿಲ್ಲಿಸಿದ್ದ. ಎರಡೂವರೆ ತಾಸಿನ ತಿರುವು ದಾರಿ, ಮತ್ತೆ ಅಷ್ಟೂ ಹಿಂದಕ್ಕೆ. ನಾನು ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ.

ಮಧ್ಯಾಹ್ನವಾಯಿತು. ಅವನು ದಿನಾ ಊಟ ಮಾಡುವಂಥ ಅಂಗಡಿಗಳು ಒಂದೊಂದಾಗಿ ಹಿಂದೆ ಸರಿದವು. ನಿಲ್ಲಿಸು, ನೀನಾದರೂ ತಿನ್ನು ಎಂದೆ. ಕನ್ನಡಿಯಲ್ಲಿ ದೊಡ್ಡವ್ವನ ಒಣಗಿದ ತುಟಿ ನೋಡಿ, "ಅಮ್ಮ ತಿಂದ ಮೇಲೆ" ಎಂದ.

ದೊಡ್ಡವ್ವ ಕಿಟಕಿಯಾಚೆ ನೋಡುತ್ತಿದ್ದಳು. ಜಲಪಾತ ಬಂತು, ಹೋಯಿತು. ಕೊನೆಗೆ ಮೆಲ್ಲಗೆ ಕೇಳಿದಳು: "ಸಿಕ್ರೂ, ಯಾರರೆ ಮುಟ್ಟಿದ್ರ?"

ಇನ್ನೊಬ್ಬರ ಕೈ ಸೋಕಬಾರದ ವಸ್ತು ಅದು. ಸಿಗದಿದ್ದರೆ ಒಂದು ಸಂಕಟ, ಸಿಕ್ಕರೆ ಇನ್ನೊಂದು.

ರಿಸೆಪ್ಶನ್ನಿನಲ್ಲಿ ಮತ್ತೆ ತಲೆ ಅಲ್ಲಾಡಿಸಿದರು. ನಿಮಲ್ ಹಿಂಬಾಗಿಲಿಗೆ ಓಡಿದ. ನಾವು ಸೋಫಾ, ಫ್ಯಾನು ನೋಡುವ ಹೋಟೆಲಿನಲ್ಲಿ ಈ ಡ್ರೈವರುಗಳು ಹಿಂದಿನ ಕೋಣೆಯಲ್ಲಿ ಮಲಗಿ, ಕೆಲಸದವರ ಜೊತೆ ಉಣ್ಣುತ್ತಾರೆ. ಹಾಸಿಗೆ ಹಾಸುವವರ ಹೆಸರು ಮ್ಯಾನೇಜರಿಗೆ ಗೊತ್ತಿರುತ್ತದೋ ಇಲ್ಲವೋ, ಇವರಿಗೆ ಗೊತ್ತಿರುತ್ತದೆ. ಸ್ವಲ್ಪ ಹೊತ್ತಿಗೆ ನಿಮಲ್, ರೂಮು ಗುಡಿಸುವ ಕುಸುಮಾ ಎಂಬ ನಡುವಯಸ್ಸಿನ ಹೆಂಗಸಿನೊಂದಿಗೆ ಬಂದು ಕೈಬೀಸಿ ಕರೆದ.

ಬೆಡ್‌ಶೀಟು ಇಡುವ ಕೋಣೆ. ಎಲ್ಲಕ್ಕಿಂತ ಮೇಲಿನ ಹಲಗೆಯಲ್ಲಿ ಒಗೆದ ಬಿಳಿ ಟವೆಲು. ಅದರ ಮೇಲೆ ಕರಡಿಗೆ. ಮುಂದೆ ಮೂರು ದೇವಕಣಗಿಲೆ ಹೂವು.

ಕುಸುಮಾ ಹೇಳಿದ್ದನ್ನು ನಿಮಲ್ ಇಂಗ್ಲಿಷಿನಲ್ಲಿ ತಿಳಿಸಿದ: "ದಾರಕ್ಕೆ ಬೂದಿ ಅಂಟಿತ್ತು. ಯಾರದೋ ದೇವರು ಅನ್ನಿಸಿತು. ತೆರೆಯಲಿಲ್ಲ. ಲಾಸ್ಟ್ ಅಂಡ್ ಫೌಂಡಿನಲ್ಲಿ ಛತ್ರಿ, ಚಾರ್ಜರ್ ಇರುತ್ತವೆ. ಅವುಗಳ ನಡುವೆ ಹೇಗೆ ಇಡುವುದು? ಡ್ಯೂಟಿ ಮುಗಿದ ಮೇಲೆ ಹೇಳೋಣ ಅಂತಿದ್ದೆ."

ನಾನು ದೊಡ್ಡವ್ವನ ಮುಖ ನೋಡಿದೆ. "ಮುಟ್ಯಾರಲ್ಲ ದೊಡ್ಡವ್ವಾ, ಏನ್ ಮಾಡ್ತಿ?"

"ಮುಟ್ಟಿಲ್ಲೋ ಹುಚ್ಚಪ್ಪಾ. ಪೂಜಿ ಮಾಡ್ಯಾಳ."

ಎರಡೂ ಕೈಯಲ್ಲಿ ಎತ್ತಿಕೊಂಡು ಕಣ್ಣಿಗೊತ್ತಿಕೊಂಡಳು. ಆ ಮೂರು ಹೂವಿನಲ್ಲೇ, ಆ ಬೆಡ್‌ಶೀಟುಗಳ ನಡುವೆಯೇ ಪೂಜೆಗೆ ಕುಳಿತಳು. ಆಮೇಲೆ ಚೀಲದಿಂದ ಬಾಳೆಹಣ್ಣು ತೆಗೆದು ಮೊದಲು ಕುಸುಮಾಳ ಕೈಗೆ, ನಂತರ ನಿಮಲ್‌ಗೆ. "ತಿನ್ನೋ ನನ್ನಪ್ಪಾ, ಹೊಟ್ಟಿ ಹಸದೈತಿ ನಿಂದು." ನನ್ನ ಸರದಿ ಕೊನೆಗೆ ಬಂತು. ಕಣ್ಣು ಹಾಯುವಷ್ಟೂ ಸಮುದ್ರ, ಆಕಾಶದೆತ್ತರದ ಬುದ್ಧ, ಆನೆಗಳ ಹಿಂಡು, ಎಲ್ಲ ನೋಡಿ ಬಂದೆ ನೋಡಿ. ಆ ಹಲಗೆಯ ಮುಂದೆ ನಿಂತಾಗ ಮೈ ಜುಂ ಎಂದಂತೆ ಎಲ್ಲೂ ಅನ್ನಲಿಲ್ಲ.

ಮತ್ತೆ ಕಾರು ಹತ್ತಿದೆವು. ನಿಮಲ್ ಕೀಲಿ ತಿರುಗಿಸುವ ಮುನ್ನ ಹಿಂದಕ್ಕೆ ತಿರುಗಿ, ತುಂಬ ಕಾಳಜಿಯಿಂದ ಕೇಳಿದ: "ಸರ್, ನಿಮ್ಮದು? ಎಲ್ಲೂ ಬಿಟ್ಟು ಬಂದಿಲ್ಲ ತಾನೆ?"

ಉಪವಾಸವಿದ್ದು ಅಷ್ಟು ದೂರ ಓಡಿಸಿದ ಮನುಷ್ಯನಿಗೆ, ನನ್ನ ಕರಡಿಗೆ ಹೊಸಪೇಟೆಯ ಮನೆಯ ಬೀರುವಿನಲ್ಲಿ ವರ್ಷಗಳಿಂದ ಬಿದ್ದಿದೆ ಎಂದು ಯಾವ ಬಾಯಿಂದ ಹೇಳಲಿ?