ಕಾಪು ಸಮುದ್ರಕ್ಕೆ ನಾನು ಬಳಿದ ಬಿಳಿ

ಹದಿನೈದು ದಿನಗಳ ಹಿಂದೆ, ಒಂದು ಸೋಮವಾರ ಬೆಳಿಗ್ಗೆ, ಕಡಿಯಾಳಿಯ ನಮ್ಮ ಮನೆಯ ಊಟದ ಮೇಜಿನ ಮೇಲೆ ನಾನು ಕಾಪು ಸಮುದ್ರಕ್ಕೆ ಬಿಳಿ ಬಣ್ಣ ಬಳಿದೆ.

ನಗಬೇಡಿ. ನನಗೆ ಇನ್ನೂ ನಗು ಬಂದಿಲ್ಲ.

ಸಮುದ್ರ ನನ್ನದಲ್ಲ, ಸುನಂದಾ ಟೀಚರ್ ಬಿಡಿಸಿದ್ದು. ಕಾರ್ಕಳದ ಪಕ್ಕ ಕುಕ್ಕುಂದೂರಿನಲ್ಲಿದ್ದಾರೆ. ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳಿಂದ ಹೂಜಿ, ಮಾವಿನಹಣ್ಣಿನ ಚಿತ್ರ ಬರೆಸಿದವರು. (ನನ್ನಿಂದಲೂ. ನನ್ನ ಹೂಜಿ ನೋಡಿ, "ಇದರಲ್ಲಿ ನೀರು ನಿಲ್ಲುವುದಿಲ್ಲ" ಎಂದಿದ್ದರು.) ತಮಗಾಗಿ ಚಿತ್ರ ಮಾಡಲು ಕುಳಿತದ್ದು ನಿವೃತ್ತರಾದ ಮೇಲೆ. ಈಗ ಎಪ್ಪತ್ತರ ಹತ್ತಿರ, ಕಣ್ಣಿನ ಪೊರೆಯ ಆಪರೇಶನ್ ಮುಗಿಸಿಕೊಂಡು, ಜೀವನದ ಮೊದಲ ಪ್ರದರ್ಶನಕ್ಕೆ ತಯಾರಾಗಿದ್ದರು. ಮಣಿಪಾಲದ ಒಂದು ಸಣ್ಣ ಹಾಲ್‌ನಲ್ಲಿ ಹನ್ನೆರಡು ಚಿತ್ರ. ಎಲ್ಲಕ್ಕಿಂತ ದೊಡ್ಡದು ಈ ಕಾಪು.

ಆ ಚಿತ್ರ ಆಗುವಾಗ ಕಾಪು ತೀರದಲ್ಲಿ ನಾನು ಪಕ್ಕದಲ್ಲೇ ಇದ್ದೆ. ಮಧ್ಯಾಹ್ನದ ಬಿಸಿಲು. ಟೀಚರ್ ಕಾಗದವನ್ನು ಹಲಗೆಗೆ ಟೇಪಿನಲ್ಲಿ ಅಂಟಿಸಿ, ಸ್ಪಂಜಿನಿಂದ ಮೇಲ್ಭಾಗ ಮಾತ್ರ ಒದ್ದೆ ಮಾಡಿದರು. ಆಮೇಲೆ ಸುಮ್ಮನೆ ಕುಳಿತರು. ಕಾಗದದ ಹೊಳಪು ಇಳಿಯಬೇಕಂತೆ, ಆದರೆ ಒದ್ದೆ ಹೋಗಬಾರದಂತೆ! ಸಮುದ್ರದ ತೇವದ ಗಾಳಿಗೆ ಅದು ಒಣಗುವ ಲಕ್ಷಣವೇ ಇಲ್ಲ. ನಾನು ಬೀಸಣಿಗೆ ಬೀಸಿದೆ. ಯಾವುದೋ ಒಂದು ಕ್ಷಣದಲ್ಲಿ "ಸಾಕು" ಎಂದು ನೀಲಿ ಇಳಿಸಿ, ಹಲಗೆಯನ್ನು ಓರೆ ಮಾಡಿದರು. ಬಣ್ಣ ತಾನಾಗಿ ಹರಿದು ಆಕಾಶವಾಯಿತು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ.

ಸಮುದ್ರದ ನಡುವೆ, ಬಿಸಿಲು ಬಿದ್ದು ಕಣ್ಣು ಕುಕ್ಕುವ ಜಾಗವನ್ನು ಮಾತ್ರ ಅವರು ಮುಟ್ಟಲಿಲ್ಲ.

"ಬಿಳಿ ಟ್ಯೂಬ್ ಎಲ್ಲಿ ಟೀಚರ್?"

"ನನ್ನತ್ರ ಬಿಳಿ ಇಲ್ಲ. ಕಾಗದವೇ ಬಿಳಿ ಉಂಟಲ್ಲ, ಅದನ್ನು ಹಾಗೇ ಬಿಡುವುದು. ಬಿಡಲಿಕ್ಕೆ ಕಲಿಯುವುದೇ ಕಷ್ಟ."

ನನಗೆ ಅದು ತಲೆಗೆ ಹೋಗಲಿಲ್ಲ. ಏಕೆಂದರೆ ಟೀಚರ್‌ದು ಜಲವರ್ಣ, ನಾನು ಅಕ್ರಿಲಿಕ್‌ನವಳು. ಮಣಿಪಾಲದಲ್ಲಿ ಭಾನುವಾರದ ಕ್ಲಾಸಿಗೆ ಹೋಗುತ್ತೇನೆ. ನಮ್ಮ ಸರ್ ಮೊದಲ ದಿನವೇ ಅಭಯ ಕೊಟ್ಟಿದ್ದರು: "ತಪ್ಪಿದರೆ ಹೆದರಬೇಡಿ. ಒಣಗಿದ ಮೇಲೆ ಇನ್ನೊಂದು ಕೋಟ್ ಹೊಡೆಯಿರಿ." ಎಂಥ ಸುಖ! ನಮ್ಮ ಹಾಲ್‌ನಲ್ಲಿ ತೂಗುತ್ತಿರುವ ಹೂದಾನಿಯ ಚಿತ್ರದಲ್ಲಿ, ಬಣ್ಣದ ಅಡಿಯಲ್ಲಿ ಒಂದು ಹಸು ಇದೆ. ಹಸುವಿನ ಅಡಿಯಲ್ಲಿ ನನ್ನ ಗಂಡ ಇದ್ದಾರೆ.

ಫ್ರೇಮ್ ಹಾಕುವ ಅಂಗಡಿ ನಮ್ಮ ಮನೆಯ ಹತ್ತಿರ. ಹಾಗಾಗಿ ಟೀಚರ್ ಆ ಚಿತ್ರವನ್ನು ನನ್ನ ಕೈಗೆ ಕೊಟ್ಟರು. ಅಂಗಡಿಯವರು ಯಾವುದೋ ಮದುವೆಗೆ ಹೋಗಿದ್ದರು, ಫೋನಿನಲ್ಲಿ ನಾಳೆ ಬನ್ನಿ ಎಂದರು. ಚಿತ್ರ ನಮ್ಮ ಮನೆಯಲ್ಲಿ ಉಳಿಯಿತು. ಬೆಳಿಗ್ಗೆ ಇನ್ನೊಮ್ಮೆ ನೋಡುವ ಆಸೆಯಾಗಿ ಬಿಚ್ಚಿದೆ. ಕೈಯಲ್ಲಿ ಕಾಫಿ ಲೋಟ ಹಿಡಿದುಕೊಂಡು ಬಿಚ್ಚಿದೆ!

ಒಂದೇ ಹನಿ. ಬಿಸಿಲಿನ ಆ ಬಿಳಿ ಜಾಗದ ಮಧ್ಯಕ್ಕೇ ಬಿತ್ತು.

ನೈಟಿಯ ತೋಳಿನಿಂದ ಒರೆಸಿದೆ. ಹನಿ ಇದ್ದದ್ದು ಗೆರೆಯಾಯಿತು. ಫೋನ್ ಪಕ್ಕದಲ್ಲೇ ಇತ್ತು, ಕೈ ಹೋಗಲಿಲ್ಲ. ಕೈ ಹೋದದ್ದು ನನ್ನ ಬಿಳಿ ಅಕ್ರಿಲಿಕ್ ಟ್ಯೂಬಿಗೆ. ಬಿಳಿಯ ಮೇಲೆ ಬಿಳಿ, ಯಾರಿಗೆ ಗೊತ್ತಾಗುತ್ತದೆ?

ಒಣಗಿದ ಮೇಲೆ ನೋಡುತ್ತೇನೆ, ನನ್ನ ಬಿಳಿ ಬೇರೆ, ಕಾಗದದ ಬಿಳಿ ಬೇರೆ. ಕಾಗದದ್ದು ಹಾಲಿನ ಕೆನೆ, ನನ್ನದು ಬಾತ್‌ರೂಮಿನ ಟೈಲ್ಸ್. ಸಮ ಮಾಡಲು ಸುತ್ತ ಬಳಿದೆ. ಇನ್ನಷ್ಟು ಎದ್ದು ಕಂಡಿತು. ಅರ್ಧ ಗಂಟೆಯಲ್ಲಿ ಬಿಸಿಲೆಲ್ಲ ನನ್ನದಾಗಿತ್ತು.

ಮರುದಿನ ಟೀಚರ್ ಫ್ರೇಮ್ ಆರಿಸಲು ಬಸ್ಸಿನಲ್ಲಿ ಬಂದರು. ಚಿತ್ರವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರು. ಬೆರಳು ಮುಟ್ಟಿಸಿದರು.

"ಇದಕ್ಕೆ ಎಂತ ಹಚ್ಚಿದ್ದು?"

"ಎಂತದೂ ಇಲ್ಲ ಟೀಚರ್." (ಹೌದು, ಸುಳ್ಳೂ ಹೇಳಿದೆ. ಐವತ್ತೆರಡನೆಯ ವಯಸ್ಸಿನಲ್ಲಿ, ಡ್ರಾಯಿಂಗ್ ಟೀಚರ್ ಎದುರಿಗೆ.)

ಅವರು ನನ್ನನ್ನೇ ನೋಡಿದರು. ನಾನು ಎಲ್ಲವನ್ನೂ ಒದರಿದೆ. ಕಾಫಿ, ನೈಟಿ, ಟ್ಯೂಬ್.

"ಕಾಫಿಯಾ? ಅಷ್ಟೆಯಾ? ಒಂದು ಫೋನ್ ಮಾಡಬಾರದಿತ್ತಾ? ಒದ್ದೆ ಬ್ರಶ್‌ನಲ್ಲಿ ಕಲೆಯನ್ನು ಸ್ವಲ್ಪ ಎತ್ತಿ, ಉಳಿದದ್ದನ್ನು ದೋಣಿ ಮಾಡ್ತಿದ್ದೆ ಮಾರಾಯ್ತಿ."

"ಒರೆಸಿ ಗೆರೆಯಾಗಿತ್ತು ಟೀಚರ್."

"ಒಳ್ಳೆಯದೇ ಆಯಿತಲ್ಲ? ದೋಣಿ ಉದ್ದವೇ ಅಲ್ವಾ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಮಾತಿಗೆ ಕಣ್ಣಲ್ಲಿ ನೀರು ಬಂತು. ಇನ್ನೊಂದು ಮಾಡಬಹುದಲ್ಲ ಎಂದು ಗೋಗರೆದೆ.

"ಆ ಆಕಾಶ ನಾನು ಮಾಡಿದ್ದಲ್ಲ. ಆ ದಿನ ಅದಾಗಿ ಆದದ್ದು. ಇನ್ನೊಮ್ಮೆ ಆಗುವುದಿಲ್ಲ." ಇಷ್ಟು ಹೇಳಿ ಚಿತ್ರವನ್ನು ಸುತ್ತಿ, ನನ್ನನ್ನು ಕರೆಯದೆ ಒಬ್ಬರೇ ಅಂಗಡಿಗೆ ನಡೆದರು.

ಅಂದಿನಿಂದ ಮನೆಯಲ್ಲಿ ಎಲ್ಲಿ ನೋಡಿದರೂ ನನಗೆ ಮುಚ್ಚಿದ್ದೇ ಕಾಣುತ್ತದೆ. ಗೋಡೆ ಬಿರುಕು ಬಿಟ್ಟಲ್ಲಿ ಕ್ಯಾಲೆಂಡರ್. ಕಾರಿಗೆ ಗೀರು ಬಿದ್ದಲ್ಲಿ ಗಂಡ ಅಂಟಿಸಿದ ಸ್ಟಿಕ್ಕರ್. ಜಜ್ಜಿದ ಸ್ಟೀಲ್ ಡಬ್ಬಿಯ ಮುಖ ಗೋಡೆಯ ಕಡೆಗೆ. ನಾದಿನಿಗೆ ನಾನೊಂದು ಮಾತು ಅಂದದ್ದರ ಮೇಲೆ ದಿನವೂ ವಾಟ್ಸಾಪ್‌ನಲ್ಲಿ ಕಳಿಸುವ ಗುಡ್ ಮಾರ್ನಿಂಗ್ ಹೂವು. "ತಪ್ಪಾಯಿತು" ಎನ್ನಲು ಎಷ್ಟು ಹೊತ್ತು ಬೇಕು? ಅದೊಂದನ್ನು ಬಿಟ್ಟು ಉಳಿದೆಲ್ಲ ಮಾಡುತ್ತೇವೆ.

ಮೊನ್ನೆ ಭಾನುವಾರ ಪ್ರದರ್ಶನ. ಹೋಗಲು ಮುಖವಿರಲಿಲ್ಲ, ಹೋಗದಿರಲು ಧೈರ್ಯವಿರಲಿಲ್ಲ. ಹಿಂದಿನ ಬಾಗಿಲಿನಿಂದ ಒಳಗೆ ನುಸುಳಿದರೆ ಎದುರಿಗೇ ಕಾಪು! ತೆಗೆದಿಟ್ಟಿರುತ್ತಾರೆ ಎಂದುಕೊಂಡಿದ್ದೆ. ಗೋಡೆಯ ನಟ್ಟನಡುವೆ ತೂಗುಹಾಕಿದ್ದರು. ಕೆಳಗೆ ಟೀಚರ್ ಕೈಬರಹದ ಚೀಟಿ: "ಕಾಪು, ಮಧ್ಯಾಹ್ನ. ಜಲವರ್ಣ ಮತ್ತು ಅಕ್ರಿಲಿಕ್." ಅದರ ಕೆಳಗೆ ಅವರ ಹೆಸರು. ಪಕ್ಕದಲ್ಲಿ ನನ್ನ ಹೆಸರು.

ಇದು ಕ್ಷಮೆಯೋ, ಶಿಕ್ಷೆಯೋ? ಕೇಳೋಣವೆಂದರೆ ಟೀಚರ್ ಕಾಲೇಜು ಹುಡುಗಿಯೊಬ್ಬಳನ್ನು ನನ್ನ ಬಳಿಗೇ ಕರೆತರುತ್ತಿದ್ದರು.

"ಇವರೇ ಆ ಇನ್ನೊಬ್ಬರು" ಎಂದರು.

ಹುಡುಗಿ ಕಣ್ಣರಳಿಸಿದಳು. "ಮ್ಯಾಮ್, ಇದರಲ್ಲಿ ನೀವು ಮಾಡಿದ್ದು ಯಾವುದು?"

ಟೀಚರ್ ಕೈಕಟ್ಟಿ ನಿಂತಿದ್ದರು, ಥೇಟ್ ಕ್ಲಾಸಿನಲ್ಲಿ ನಿಲ್ಲುತ್ತಿದ್ದ ಹಾಗೆ. ಸಮುದ್ರದ ನಡುವಿನ ಆ ಬಿಳಿಗೆ ಬೆರಳು ತೋರಿಸಿದೆ.

"ಅಲ್ಲೊಂದು ದೋಣಿ ಇಲ್ಲ, ಕಾಣ್ತದಾ? ಅದು ನಾನು ಮಾಡಿದ್ದು."